ಕಿರಾತಕಡ್ಡಿಯ ಕಟ್ಟು ಇಳಿಸುವ ತನಕ

ಅವತ್ತು ನಾವು ಸಿಕ್ಕಿಬಿದ್ದದ್ದು ನನ್ನ ಬಾಯಿಯಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಮನೆಯವರು ಓದಿ, ಮುಖ್ಯ ಸಂಗತಿಯನ್ನೇ ನುಂಗಿದ ಅನ್ನುತ್ತಾರೆ. ಬಸ್ಸಿನ ಕಂಡಕ್ಟರು, ಶಾಲೆಯ ಮಾಸ್ಟ್ರು, ಮೀನಿನ ಬುಟ್ಟಿ ಹೊತ್ತು ಕೂಗುವ ನನ್ನ ದೊಡ್ಡಮ್ಮ, ಎಲ್ಲರ ಸ್ವರವೂ ನನ್ನ ಗಂಟಲಲ್ಲಿತ್ತು. ನನ್ನದೇ ಸ್ವರವನ್ನು ಮಾತ್ರ ಯಾರೂ ಇನ್ನೊಂದು ಸಲ ಮಾಡಿ ತೋರಿಸು ಅಂದದ್ದಿಲ್ಲ.

ಉಪ್ಪುಂದದಲ್ಲಿ ನಮ್ಮದೂ ದೊಡ್ಡಮ್ಮನದೂ ಒಂದೇ ಮನೆ. ವರ್ಷವಿಡೀ ಮೀನು ಮಾರುವ ಆಕೆ, ಚೌತಿ ಕಳೆದು ನವರಾತ್ರಿ ಬರುವುದರೊಳಗೆ ಒಂದು ಬೆಳಿಗ್ಗೆ ಬುಟ್ಟಿ ಮಗುಚಿಟ್ಟು ಹಾಡಿಗೆ ಹೋಗುತ್ತಿದ್ದಳು. ಹಾಡಿ ಎಂದರೆ ನಮ್ಮ ಕಡೆಯ ಕುರುಚಲು ಕಾಡು. ಮಳೆ ಹಿಂದೆ ಸರಿದ ಆ ದಿನಗಳಲ್ಲಿ ಅಲ್ಲಿ ಕಿರಾತಕಡ್ಡಿ ಸಣ್ಣ ಬಿಳಿ ಹೂ ಬಿಡುತ್ತದೆ. ಹೂವಿನ ಹೊತ್ತಿಗೆ ಕಿತ್ತರೆ ಕಹಿ ಗಟ್ಟಿ ಎಂದು ಲೆಕ್ಕ. ನೆರಳಲ್ಲಿ ಒಣಗಿಸಿ ಒಲೆಯ ಮೇಲೆ ಕಟ್ಟಿ ನೇತುಹಾಕಿದರೆ, ಮುಂದಿನ ಮಳೆಗಾಲದವರೆಗೆ ನಮ್ಮ ಕೇರಿಯಲ್ಲಿ ಯಾರಿಗೆ ಜ್ವರ ಬಂದರೂ ಅದರ ಕಷಾಯ. ಕುಡಿದ ಮೇಲೆ ಒಂದು ಬೆರಳು ಜೋನಿಬೆಲ್ಲ. ನಾನು ಬೆಲ್ಲಕ್ಕಾಗಿ ಜ್ವರದ ನಟನೆ ಮಾಡಿ, ಕಷಾಯ ಬಾಯಿಗೆ ಬಿದ್ದ ಕೂಡಲೇ ಗುಣವಾದದ್ದುಂಟು.

ಕೀಳುವುದಕ್ಕೆ ಒಂದು ಕ್ರಮವಿತ್ತು. ಹಾಡಿಗೆ ಕಾಲಿಟ್ಟಲ್ಲಿಂದ ಮನೆಯ ಜಗಲಿಯಲ್ಲಿ ಕಟ್ಟು ಇಳಿಸುವ ತನಕ ಮಾತಾಡಬಾರದು. ಮಾತಾಡಿದರೆ ಕಡ್ಡಿ ಕಹಿ ಕಳೆದುಕೊಳ್ಳುತ್ತದಂತೆ. ಜೊತೆಗೆ ಹೋಗುವ ನನಗೂ ಅದೇ ಕಟ್ಟಳೆ. ದೊಡ್ಡಮ್ಮ ಬಾಯಿ ಮುಚ್ಚುವುದನ್ನು ನೋಡಬೇಕಿದ್ದರೆ ವರ್ಷದಲ್ಲಿ ಅದೊಂದೇ ದಿನ.

ಆ ವರ್ಷ ಹಾಡಿಗೆ ಬೇಲಿ ಬಿದ್ದಿತ್ತು. ಪೇಟೆಯಲ್ಲಿ ಅಂಗಡಿ ಇಟ್ಟ ಸಾಹುಕಾರರೊಬ್ಬರು ಜಾಗ ಕೊಂಡು, ಕಲ್ಲುಕಂಬ ನೆಟ್ಟು, ತಂತಿ ಎಳೆದು, ಗೇಟು ಇಟ್ಟಿದ್ದರು. ಸುತ್ತಲಿನ ಉಳಿದ ಹಾಡಿಗಳೆಲ್ಲ ಅಷ್ಟರಲ್ಲಿ ಕೆಂಪುಕಲ್ಲು ಕಡಿದು ತೆಗೆಯುವ ಕೋರೆಯಾಗಿದ್ದವು. ಕಡ್ಡಿ ಉಳಿದದ್ದು ಇಲ್ಲೊಂದೇ. ಅಮ್ಮ ಹೆದರಿದಳು.

"ಈ ವರ್ಷ ಬ್ಯಾಡ ಅಕ್ಕ. ಜ್ವರಕ್ಕೆ ಮಾತ್ರೆ ಸಿಕ್ತ್ ಅಲ್ದಾ."

"ಮಾತ್ರೆ ನೀ ತಿನ್ನ್. ಬೇಲಿ ದನಕ್ಕೆ ಹಾಕೂದ್," ಎಂದಳು ದೊಡ್ಡಮ್ಮ. ಮತ್ತೆ ಸ್ವಲ್ಪ ತಗ್ಗಿದ ಸ್ವರದಲ್ಲಿ, "ಒಂದ್ ವರ್ಷ ಹೋಪುದ್ ಬಿಟ್ರೆ, ಬಪ್ಪ್ ವರ್ಷ ನಾವೇ ಕಳ್ರ್."

ಹೋದೆವು. ಗೇಟನ್ನು ಸುಮ್ಮನೆ ಒರಗಿಸಿಟ್ಟಿದ್ದರು, ತಳ್ಳಿ ಒಳಗೆ ನುಗ್ಗಿದೆವು. ಆಕೆ ಬಗ್ಗಿ ಬಗ್ಗಿ ಕೀಳುತ್ತಿದ್ದಳು, ಪ್ರತಿ ಬುಡದಲ್ಲೂ ಬೀಜಕ್ಕೆಂದು ಒಂದೆರಡು ಗಿಡ ಬಿಡುತ್ತಿದ್ದಳು. ನನ್ನ ಬಾಯಿ ತುರಿಸತೊಡಗಿತು. ಆಗ ತಲೆಗೊಂದು ಬುದ್ಧಿವಂತಿಕೆ ಹೊಳೆಯಿತು: ಬೇರೆಯವರ ಸ್ವರದಲ್ಲಿ ಮಾತಾಡಿದರೆ ಮಾತಾಡಿದ್ದು ನಾನಲ್ಲವಲ್ಲ. ಮೂಗಿನಲ್ಲಿ ಎಳೆದೆಳೆದು ಮಾತಾಡುವ ಸಾಹುಕಾರರಾಗಿ, ಸೊಂಟಕ್ಕೆ ಕೈ ಕೊಟ್ಟು ಜೋರಾಗಿಯೇ ಅಂದೆ:

"ಕೊಯ್ಕಣಿ, ಕೊಯ್ಕಣಿ. ಇದೆಲ್ಲ ನಿಮ್ದೇ ಅಲ್ದಾ."

ದೊಡ್ಡಮ್ಮ ತಲೆ ಎತ್ತಿ ನೋಡಿದ ನೋಟಕ್ಕಿಂತ ಕಷಾಯವೇ ಸಿಹಿ. ಅಷ್ಟರಲ್ಲಿ ಪೊದೆಯ ಆಚೆಯಿಂದ ಅದೇ ಮೂಗಿನ ಸ್ವರ ಕೇಳಿತು.

"ಹ್ವಾಯ್, ನಾ ಯಾವಾಗ ಹಾಂಗೆ ಹೇಳಿದೆ?"

ತಮ್ಮದೇ ಸ್ವರ ತಮ್ಮದೇ ಹಾಡಿಯನ್ನು ದಾನ ಕೊಡುವುದನ್ನು ಕೇಳಿ ಸಾಹುಕಾರರು ಓಡಿಬಂದಿದ್ದರು. ದೊಡ್ಡಮ್ಮ ಅವರತ್ತ ನೋಡದೆ, ನನ್ನ ಮಾತಿಗೆ ಕಹಿ ಕಳೆದುಕೊಂಡ ಕಡ್ಡಿಯನ್ನೆಲ್ಲ ಅಲ್ಲೇ ಸುರಿದಳು. ಮೊದಲಿನಿಂದ ಕೀಳಲು ಶುರು ಮಾಡಿದಳು, ಅವರ ಕಣ್ಣೆದುರೇ.

"ಯಾರ್ ಹತ್ರ ಕೇಂಡ್ ಒಳಗ್ ಬಂದ್ರಿ?"

ದೊಡ್ಡಮ್ಮ ಮುಂದಿನ ಬುಡಕ್ಕೆ ಬಗ್ಗಿದಳು. ಉಪ್ಪುಂದದಲ್ಲಿ ಬಂಗುಡೆಯ ಚೌಕಾಸಿಗೆ ನಿಂತು ಆಕೆಯ ಬಾಯಿಗೆ ಸೋತು ಹೋದವರಲ್ಲಿ ಈ ಸಾಹುಕಾರರೂ ಒಬ್ಬರು. ಈಗ ಆಕೆ ತುಟಿಪಿಟಕ್ಕೆನ್ನದ್ದು ಕಂಡು ಅವರಿಗೆ ಧೈರ್ಯ ಏರುತ್ತಾ ಹೋಯಿತು. ಕಟ್ಟು ಕಟ್ಟಿ ಹೊರಟೆವು; ಅವರೂ ಬೆನ್ನು ಹತ್ತಿದರು.

"ಮೀನ್ ಮಾರುವಾಗ ಇದ್ದ ಬಾಯಿ ಈಗ ಎಲ್ ಹೋಯ್ತ್? ನಾಳೆಯೇ ಬೀಗ ಹಾಕ್ತೆ. ಇನ್ನ್ ಒಂದ್ ಕಡ್ಡಿ ಹೊರಗ್ ಹೋಪ್ಕಾಗ."

ದಾರಿಯುದ್ದಕ್ಕೂ ಇದೇ. ಮುಂದೆ ತಲೆಯ ಮೇಲೆ ಕಟ್ಟು ಹೊತ್ತ ಮೂಕ ದೊಡ್ಡಮ್ಮ, ನಡುವೆ ನಾನು, ಹಿಂದೆ ಬೈಯುವ ಸಾಹುಕಾರರು. ಮಾತಿಗೆ ತಡೆಯಿತ್ತೇ ಹೊರತು ನಡಿಗೆಗೆ ಇರಲಿಲ್ಲ. ನಾನು ಅವರ ಹಾಗೆಯೇ ಹೊಟ್ಟೆ ಮುಂದು ಮಾಡಿ, ಪಂಚೆ ಎತ್ತಿಹಿಡಿದಂತೆ ಕೈ ಮಾಡಿ ನಡೆದೆ. ಎದುರು ಬಂದವರೆಲ್ಲ ನಗುತ್ತಾ ಹಿಂದೆ ಸೇರಿಕೊಂಡರು. ಮನೆ ತಲುಪುವಾಗ ಅರ್ಧ ಕೇರಿ ಅಂಗಳದಲ್ಲಿತ್ತು.

ಆ ಗೇಟಿಗೆ ಇವತ್ತಿಗೂ ಬೀಗ ಬಿದ್ದಿಲ್ಲ. ಯಾಕೆಂದು ಕೇಳಿದವರಿಗೆ ನಾನು ದೊಡ್ಡಮ್ಮನ ಸ್ವರದಲ್ಲೇ ಹೇಳಿ ತೋರಿಸುತ್ತೇನೆ, ಒಂದು ಅಕ್ಷರವನ್ನೂ ಸೇರಿಸದೆ.

ಆಕೆ ಕಟ್ಟನ್ನು ಜಗಲಿಯಲ್ಲಿ ಇಳಿಸಿದಳು. ಚೊಂಬಿನ ನೀರನ್ನು ಎತ್ತಿ ಕುಡಿದಳು. ಬಿಚ್ಚಿದ ತುರುಬನ್ನು ಬಿಗಿಯಾಗಿ ಕಟ್ಟಿಕೊಂಡು, ಮೆಟ್ಟಿಲ ಮೇಲೆ ಕುಳಿತು, ಇನ್ನೂ ಬೈಯುತ್ತಿದ್ದ ಸಾಹುಕಾರರತ್ತ ಮೊದಲ ಸಲ ತಿರುಗಿದಳು.

"ಹೂಂ ಸಾವ್ಕಾರ್ರೆ, ಅಷ್ಟೂ ಇನ್ನೊಂದ್ ಸಲ ಹೇಳಿ ಕಾಂಬ. ಈಗ ನಂಗೂ ಬಾಯಿ ಬಂತ್."