ಮೋತ್ರಿಯಾ ಬರೆದುಕೊಟ್ಟ ಹೆಸರು

ನವೆಂಬರಿನ ನಾಲ್ಕನೆಯ ಶನಿವಾರ ಬಂತೆಂದರೆ ಮೋತ್ರಿಯಾಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಸಾವಿರದ ಒಂಬೈನೂರ ಮೂವತ್ತಮೂರರಲ್ಲಿ ಸರ್ಕಾರದವರು ಮನೆಮನೆಯ ಕಾಳನ್ನೆಲ್ಲ ಬಾಚಿಕೊಂಡು ಹೋದಾಗ ಹಸಿದು ಸತ್ತವರನ್ನು ಉಕ್ರೇನೆಲ್ಲ ನೆನೆಯುವ ದಿನ ಅದು. ಇವಳ ಪಾಲಿಗೆ ಮಾತ್ರ ಪಕ್ಕದ ಮನೆಯ ಒದಾರ್ಕಾಳ ದಿನ.

ಸ್ಮಶಾನದ ದೊಡ್ಡ ಶಿಲುಬೆಯ ಮುಂದೆ ಪಾದ್ರಿ, ಮನೆಯವರು ಸತ್ತವರ ಹೆಸರು ಬರೆದುಕೊಟ್ಟ ಚೀಟಿಗಳನ್ನು ಓದುತ್ತಾರೆ. ಒದಾರ್ಕಾಳ ಚೀಟಿಯಲ್ಲಿ ಐದು ಹೆಸರು. ಒಂದೊಂದಕ್ಕೂ ಆ ಮುದುಕಿ ಶಿಲುಬೆಯ ಗುರುತು ಹಾಕಿಕೊಳ್ಳುವುದೇನು, ಹೆಂಗಸರು ಅವಳನ್ನು ಸಂತೈಸುವುದೇನು! ಸತ್ತವರ ವಿಷಯದಲ್ಲೂ ಹೊಟ್ಟೆಕಿಚ್ಚೇ ಎನ್ನುತ್ತೀರಾ? ಹೌದು, ಅಪ್ಪಟ ಹೊಟ್ಟೆಕಿಚ್ಚು. ಮೋತ್ರಿಯಾಳಿಗೂ ಒಬ್ಬ ಅಕ್ಕ ಇದ್ದಳು, ಇವಳು ಹುಟ್ಟುವ ಮೊದಲೇ ಹಸಿವಿಗೆ ಬಲಿಯಾದವಳು. ಆ ಸಾವುಗಳ ಬಗ್ಗೆ ಬಾಯಿಬಿಟ್ಟರೆ ಜೈಲು ಎಂಬ ಕಾಲದ ಅಮ್ಮ, ಹೆಸರು ಹೇಳದೆಯೇ ಕಣ್ಣುಮುಚ್ಚಿದಳು. ಹೆಸರಿಲ್ಲದವಳನ್ನು ಪಾದ್ರಿ ಏನೆಂದು ಓದಬೇಕು? ಮೋತ್ರಿಯಾ ಹತ್ತು ವರ್ಷದಿಂದ ಒದಾರ್ಕಾಳ ಜೊತೆ ಮಾತು ಬಿಟ್ಟಿದ್ದಳು. ಯಾಕೆಂದು ಕೇಳಿದರೆ ತಪ್ಪನ್ನು ಒದಾರ್ಕಾಳ ಕೋಳಿಗಳ ಮೇಲೆ ಹಾಕುತ್ತಿದ್ದಳು.

ಈ ವರ್ಷ, ಎಪ್ಪತ್ತೊಂದು ತುಂಬಿದ ಮೇಲೆ, ತಡೆಯಲಾಗಲಿಲ್ಲ. ಚೀಟಿಯಲ್ಲಿ ಮಾರಿಯಾ ಎಂದು ಬರೆದು ಕೊಟ್ಟೇಬಿಟ್ಟಳು. ಊರಲ್ಲಿ ಮೂರು ಮನೆಗೊಬ್ಬಳು ಮಾರಿಯಾ, ಯಾರಿಗೆ ಗೊತ್ತಾಗಬೇಕು!

"ಮಾರಿಯಾ" ಎಂದು ಪಾದ್ರಿ ಓದಿದಾಗ ಮೋತ್ರಿಯಾ ಎಲ್ಲರಿಗೂ ಕಾಣುವಂತೆ ಶಿಲುಬೆಯ ಗುರುತು ಹಾಕಿಕೊಂಡಳು. ಹೆಂಗಸೊಬ್ಬಳು ಭುಜ ಸವರಿದಳು. ಹಿತವಾಯಿತು.

ಪ್ರಾರ್ಥನೆ ಮುಗಿದು, ಜೇನು ಬೆರೆಸಿದ ಬೇಯಿಸಿದ ಗೋಧಿ ಹಂಚುವಾಗ ಎಂಬತ್ತೆರಡರ ಒದಾರ್ಕಾ ಕೋಲೂರಿಕೊಂಡು ಬಂದಳು.

"ಮಾರಿಯಾ ಅಂದ್ರೆ ಯಾರೇ?"

"ನಮ್ಮಕ್ಕ."

"ನಿಮ್ಮಕ್ಕ ಉಸ್ತೀನಾ ಅಲ್ವೇನೇ?"

ಮೋತ್ರಿಯಾ ಬಾಯಿಗೆ ಒಯ್ದಿದ್ದ ಗೋಧಿಯನ್ನು ಕೆಳಗಿಳಿಸಿದಳು. "ನಿಂಗೆ ಹೆಂಗ್ ಗೊತ್ತು?"

"ಚೆನ್ನಾಗ್ ಕೇಳ್ತೀಯ! ದಿನಾ ನಮ್ಮಂಗಳದಲ್ಲೇ ಬಿದ್ದಿರ್ತಿದ್ಲು. ಒಟ್ಟಿಗೇ ಆಡಿದೋರು ನಾವು."

"ಮತ್ತೆ ಇಷ್ಟ್ ವರ್ಷ ಯಾಕ್ ಹೇಳ್ಲಿಲ್ಲ?"

"ನಿಂಗ್ ಗೊತ್ತಿಲ್ಲ ಅಂತ ನಂಗೇನ್ ಗೊತ್ತು? ವರ್ಷಾ ವರ್ಷಾ ನೀನು ಚೀಟಿ ಇಲ್ದೆ ಬರಿಗೈಲಿ ಬಂದ್ ನಿಲ್ತಿದ್ದೆ. ಒಡಹುಟ್ಟಿದೋಳನ್ನೇ ಮರೆತೋಳು, ಎಂಥಾ ಕಲ್ಲೆದೆ ಅನ್ಕೊಂಡಿದ್ದೆ. ಕೇಳೋಣ ಅಂದ್ರೆ ನೀನು ನನ್ನ್ ಕಂಡ್ರೆ ಮುಖ ತಿರುಗಿಸ್ಕೊಂಡ್ ಹೋಗ್ತಿದ್ದೆ."

ಪಾದ್ರಿ ಇನ್ನೂ ಅಲ್ಲೇ ಇದ್ದರು. ಓಡಿಹೋಗಿ ಹೆಸರು ತಿದ್ದಿಸಬಹುದಿತ್ತು. ಮೋತ್ರಿಯಾ ನಿಂತಲ್ಲಿಂದ ಕದಲಲಿಲ್ಲ.

"ನೋಡೋಕೆ ಹೆಂಗಿದ್ಲು?"

"ನಕ್ಕರೆ ಮೂಗೆಲ್ಲಾ ಸುಕ್ಕಾಗೋದು" ಎಂದ ಒದಾರ್ಕಾ, ಎದುರಿಗೇ ಕಂಡವಳಂತೆ ತಾನೂ ನಕ್ಕುಬಿಟ್ಟಳು.

ಹೊಟ್ಟೆಕಿಚ್ಚಿಗೆ ಮೋತ್ರಿಯಾಳ ಕಣ್ಣು ತುಂಬಿತು. ಅಕ್ಕ ತನ್ನವಳು. ಅವಳನ್ನು ಕಣ್ಣಾರೆ ಕಂಡವಳು ಒದಾರ್ಕಾ.