ಕಾಕು ಹಾಕದ ನೀರು

ವರ್ಷಗಟ್ಟಲೆ ನಿಂತ ಡೀಸೆಲ್‌ಗೆ ಬಂಕಿನ ಡೀಸೆಲ್‌ನ ವಾಸನೆ ಇರುವುದಿಲ್ಲ. ಕಮಟಿದ ಕುಸುಬಿ ಎಣ್ಣೆಯ ಹಾಗೆ, ತಳ ಹತ್ತಿದ ಬೆಲ್ಲದ ಪಾಕದ ಹಾಗೆ ಅದು ಮೂಗಿಗಿಂತ ಮೊದಲು ಗಂಟಲಿಗೆ ತಾಕುತ್ತದೆ. ಹೋದ ಶನಿವಾರ ಸಂಜೆ ನಮ್ಮ ಹಳೆಯ ಕೆಂಪು ಟ್ರ್ಯಾಕ್ಟರಿನ ಡೀಸೆಲ್ ಪಂಪಿನ ಬಗಲ ಮುಚ್ಚಳ ಬಿಚ್ಚಿದಾಗ ಆ ವಾಸನೆ ಹೊರಗೆ ಬಂತು. ಅದರ ಬೆನ್ನಿಗೇ ಕಾಕು ನೆನಪಿಗೆ ಬಂದಳು. ಅವಳ ಸೆರಗಿಗೆ ಯಾವಾಗಲೂ ಸೀಗೆಕಾಯಿ ಮತ್ತು ಡೀಸೆಲ್ ಎರಡೂ ಬೆರೆತ ಒಂದು ವಾಸನೆ ಇರುತ್ತಿತ್ತು. ಚಿಕ್ಕವಳಿದ್ದಾಗ ಎಲ್ಲ ಹೆಂಗಸರ ಸೆರಗೂ ಹಾಗೇ ಇರುತ್ತದೆ ಎಂದುಕೊಂಡಿದ್ದೆ.

ಹಳಿಯಾಳದ ಹತ್ತಿರದ ಹಳ್ಳಿಯಲ್ಲಿ ನಮ್ಮದು ಕಬ್ಬು ಬೆಳೆಯುವ, ಒಂದೇ ಒಲೆಯ ಮನೆ. ಯಜಮಾನಿಕೆ ದೊಡ್ಡಪ್ಪನದು. ಅಪ್ಪ ದಾಂಡೇಲಿಯಲ್ಲಿ ಕೆಲಸಕ್ಕಿದ್ದ. ಅಪ್ಪನ ತಮ್ಮ ಕಾಕಾ ಗೋವಾ ಲಾರಿ ಓಡಿಸುತ್ತಿದ್ದ, ಮನೆಗೆ ಬಂದರೆ ಬಂದ. ಅವನ ಹೆಂಡತಿಯೇ ಕಾಕು. ಹೀಗೆ ಬಂದುಹೋಗುವ ದಿನಗಳಲ್ಲಿ ಕಾಕಾ ಅವಳಿಗೆ ಟ್ರ್ಯಾಕ್ಟರ್ ಕಲಿಸಿದ್ದ. ಅಜ್ಜನ ಕಾಲದ ಆ ಗಾಡಿಯ ಸೀಟಿನ ಮೇಲೆ ಅವಳು ಗೋಣಿಚೀಲ ಮಡಚಿ ಹಾಕಿ, ಸೆರಗು ಸೊಂಟಕ್ಕೆ ಬಿಗಿದು ಕೂರುತ್ತಿದ್ದಳು. ನಾವು ಮಕ್ಕಳು ಎರಡೂ ಮಡ್‌ಗಾರ್ಡ್ ತುಂಬ. ಕ್ಲಚ್ಚು ಬಿಡುವ ಮುಂಚೆ ತಿರುಗಿ ನೋಡದೆಯೇ ಕೇಳುತ್ತಿದ್ದಳು: "ಕೂತ್ರೇನು?" ನಾವು "ಕೂತ್ವಿ!" ಎಂದು ಕೂಗಿದ ಮೇಲೇ ಗಾಡಿ ಕದಲುತ್ತಿತ್ತು. ಕಬ್ಬು ಕಡಿಯುವ ದಿನಗಳಲ್ಲಿ ಅವಳು ಆ ಟ್ರ್ಯಾಕ್ಟರಿನಲ್ಲಿ ಹೇರು ಎಳೆದಳು, ಹೊಲ ಹರಗಿದಳು, ಊರವರ ಗೊಬ್ಬರ ಸಾಗಿಸಿದಳು. ಆಗ ಯಾರಿಗೂ ಅವಳು ಹೆಂಗಸು ಎಂಬುದು ನೆನಪಾಗಲಿಲ್ಲ.

ನೆನಪಾದದ್ದು ಸಕ್ಕರೆ ಕಾರ್ಖಾನೆಯ ಮುಂದೆ, ಕಬ್ಬಿನ ಗಾಡಿಗಳ ಸಾಲಿನಲ್ಲಿ. ದೊಡ್ಡಪ್ಪ ಅಂದು ನಮ್ಮ ಜೊತೆಗಿದ್ದ. ಹಿಂದಿನ ಗಾಡಿಯವನು ಎಲ್ಲರಿಗೂ ಕೇಳುವ ಹಾಗೆ ಅಂದ: "ಏನ್ರೀ, ನಿಮ್ಮ ಮನ್ಯಾಗ ಗಂಡಸ್ರೆಲ್ಲಾ ಕೈಗೆ ಬಳಿ ಇಟ್ಕೊಂಡ್ರೇನು?"

ದೊಡ್ಡಪ್ಪ ಬಾಯಿ ತೆರೆಯುವುದರೊಳಗೆ ಕಾಕು ಮೇಲಿಂದ ಉತ್ತರ ಕೊಟ್ಟಳು: "ಬಳಿ ನನ್ನ ಕೈಯಾಗ ಅದಾವ, ಸ್ಟೇರಿಂಗೂ ನನ್ನ ಕೈಯಾಗ ಐತಿ. ನಿನಗ ಯಾವುದು ಬೇಕು ಹೇಳು."

ಇಡೀ ಸಾಲು ನಕ್ಕಿತು, ದೊಡ್ಡಪ್ಪನೊಬ್ಬ ಬಿಟ್ಟು. ಮನೆಗೆ ಬಂದವನೇ ಟ್ರ್ಯಾಕ್ಟರಿನ ಕೀಲಿ ತನ್ನ ಅಂಗಿಯ ಕಿಸೆಗೆ ಹಾಕಿಕೊಂಡ.

ಮಳೆ ಹಿಡಿಯುವ ಹೊತ್ತಿಗೆ ಸಿದ್ದಿ ಕೇರಿಯ ಮರಿಯವ್ವ ಓಡೋಡಿ ಬಂದಳು. ಸೊಸೆಗೆ ಹೆರಿಗೆ ನೋವು, ಬೇರೆ ಗಾಡಿ ಸಿಗುತ್ತಿಲ್ಲ. ದೊಡ್ಡಪ್ಪ ಕೀಲಿಯ ಜೊತೆ ಸಂತೆಗೆ ಹೋಗಿದ್ದ. ಕಾಕು ಟ್ರ್ಯಾಕ್ಟರನ್ನು ಅಂಗಳದ ಇಳಿಜಾರಿಗೆ ಬಿಟ್ಟು, ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟಳು. ಹಳೆಯ ಡೀಸೆಲ್ ಎಂಜಿನ್‌ಗೆ ಉರುಳಲು ಜಾಗ ಸಿಕ್ಕರೆ ಸಾಕು. ಆ ಸೊಸೆ ಹಳಿಯಾಳದ ಆಸ್ಪತ್ರೆಯಲ್ಲಿ ಹೆತ್ತಳು. ರಾತ್ರಿ ಊಟದ ಹೊತ್ತಿಗೆ ದೊಡ್ಡಪ್ಪ ಕೇಳಿದ್ದು ಕೂಸು ಗಂಡೋ ಹೆಣ್ಣೋ ಎಂದಲ್ಲ.

"ಕೀಲಿ ಇಲ್ದ ಹೆಂಗ ಚಾಲೂ ಆತು?"

"ಇಳಕಲು ಐತೆಲ್ರಿ ಭಾವಾರ," ಕಾಕು ಅವನ ತಾಟಿಗೆ ಸಾರು ಬಡಿಸುತ್ತಲೇ ಅಂದಳು, "ಇಳಕಲಿಗೆ ಕೀಲಿ ಇರೂದಿಲ್ರಿ."

ಮರುದಿನ ಬೆಳಿಗ್ಗೆ ದೊಡ್ಡಪ್ಪ ಟ್ರ್ಯಾಕ್ಟರಿನ ಬಾನೆಟ್ ಎತ್ತಿ, ತಲೆ ಒಳಗಿಟ್ಟು ನಿಂತಿದ್ದ. ಒಂದು ಕೈಯಲ್ಲಿ ತಂತಿ ಕತ್ತರಿಸುವ ಪಕ್ಕಡ, ಇನ್ನೊಂದರಲ್ಲಿ ಬೇಲಿಯ ತಂತಿ. ಏನು ಮಾಡುತ್ತಿದ್ದೀರಿ ಎಂದು ಕೇಳಿದೆ. "ಇಲಿ ಬರ್ತಾವು, ಬಂದೋಬಸ್ತ್ ಮಾಡಾಕತ್ತೇನಿ" ಅಂದ. ಆಮೇಲೆ ಟ್ರ್ಯಾಕ್ಟರನ್ನು ಕೊಟ್ಟಿಗೆಗೆ ನೂಕಿಸಿ, ತಾಡಪಾಲು ಹೊದಿಸಿದ. ಮಳೆಗಾಲವಿಡೀ ಅದು ಹಾಗೇ ನಿಂತಿತು.

ಖಂಡೇನವಮಿಗೆ ಎರಡು ದಿನ ಮುಂಚೆ ಅವನೊಬ್ಬನೇ ತಾಡಪಾಲು ತೆಗೆದ. ಹಬ್ಬದ ದಿನ ಕಾಕು ಗಾಡಿ ತೊಳೆದು, ವಿಭೂತಿ ಎಳೆದು, ಗಾಲಿಗಳ ಮುಂದೆ ರಂಗೋಲಿ ಹಾಕಿದಳು. ಪೂಜೆ ಮುಗಿದ ಮೇಲೆ ಎಂಜಿನ್ ಚಾಲೂ ಮಾಡುವುದು ನಮ್ಮ ಮನೆಯ ಪದ್ಧತಿ. ಓಣಿಯ ಮಂದಿಯೆಲ್ಲ ನಿಂತಿದ್ದರು. ದೊಡ್ಡಪ್ಪ ಕೀಲಿ ತಿರುವಿದ. ಎಂಜಿನ್ ತಿರುಗಿತು, ಹತ್ತಲಿಲ್ಲ. ಬ್ಯಾಟರಿ ಸೋಲುವ ತನಕ ತಿರುವಿದ. ಒಂದು ಎಳೆ ಹೊಗೆಯೂ ಬರಲಿಲ್ಲ. ಕೆಳಗಿಳಿದು ಎಲ್ಲರ ಮುಂದೆ ತೀರ್ಪು ಕೊಟ್ಟ: "ಡೀಸೆಲ್‌ನ್ಯಾಗ ನೀರು ಹಾಕ್ಯಾಳ. ಹೆಂಗಸರ ಕೈಯಾಗ ಗಾಡಿ ಕೊಟ್ರ ಹಿಂಗ ಆಕ್ಕೈತಿ."

"ನಾ ಬಟ್ಟಿ ಕಟ್ಟಿ ಸೋಸೇ ಹಾಕೀನ್ರಿ," ಕಾಕು ಅಂದಳು. "ಪಂಪ್ ಬಿಚ್ಚಿಸಿ ನೋಡ್ರಿ. ನೀರು ಇದ್ರ ನಾ ಮತ್ತ ಗಾಡಿ ಹತ್ತೂದಿಲ್ಲ."

ಅವಳು ಕೇಳಿದ್ದು ಅಷ್ಟೇ: ಬಿಚ್ಚಿ ನೋಡಿ. ಯಾರೂ ಬಿಚ್ಚಲಿಲ್ಲ. ಆ ದೀಪಾವಳಿಗೆ ದೊಡ್ಡಪ್ಪ ಹೊಸ ಟ್ರ್ಯಾಕ್ಟರ್ ತಂದ, ಅದಕ್ಕೊಬ್ಬ ಗಂಡು ಡ್ರೈವರ್‌ನನ್ನೂ ತಂದ. ಕಾಕುವಿನ ಹೆಸರು ಊರಲ್ಲಿ "ನೀರು ಹಾಕಿದಾಕಿ" ಎಂದಾಯಿತು. ವರ್ಷ ತುಂಬುವುದರೊಳಗೆ ಕಾಕಾ ಅವಳನ್ನು ಗೋವಾ ದಾರಿಯ ರಾಮನಗರದ ಬಾಡಿಗೆ ಮನೆಗೆ ಕರೆದುಕೊಂಡು ಹೋದ. ಅಲ್ಲಿ ಅವಳು ಹೊಲಿಗೆ ಯಂತ್ರ ತುಳಿದಳು. ಮತ್ತೆ ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟದೆ, ಹೋದ ವರ್ಷ ತೀರಿಕೊಂಡಳು. ನನಗೆ ಎಲ್ಲದಕ್ಕೂ ತಾರೀಖು ಹಾಕಿಡುವ ಚಟ. ಆ ವರ್ಷ ಎಮ್ಮೆ ಈದ ದಿನ, ಹೊಸ ಟ್ರ್ಯಾಕ್ಟರ್ ಬಂದ ದಿನ ಎಲ್ಲವನ್ನೂ ಬರೆದಿದ್ದೇನೆ. ಕಾಕು ಮನೆ ಬಿಟ್ಟ ದಿನ ಮಾತ್ರ ಇಲ್ಲ. ಅದೊಂದು ದೊಡ್ಡ ಸಂಗತಿ ಎಂಬಂತೆ ಮನೆಯಲ್ಲಿ ಯಾರೂ ನಡೆದುಕೊಂಡಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಈಗ ಆ ಮನೆಯೂ ಇಲ್ಲ. ಪಾಲಾಗಿ, ಗೋಡೆ ಬಿದ್ದು, ತೊಲೆಗಳು ಮಾರಾಟವಾಗಿ, ಉಳಿದದ್ದು ಕೊಟ್ಟಿಗೆ ಮತ್ತು ಅದರೊಳಗಿನ ಕೆಂಪು ಟ್ರ್ಯಾಕ್ಟರ್. ದೊಡ್ಡಪ್ಪನ ಮಗ ಶಿವು ಅದನ್ನು ಗುಜರಿಗೆ ಕೊಡಲು ಹೊರಟಿದ್ದ. ನಾನು ಡೀಸೆಲ್ ಮೆಕ್ಯಾನಿಕ್ ಕಲಿತು ಹಳಿಯಾಳದಲ್ಲಿ ಪಂಪ್ ದುರಸ್ತಿಯ ಕೆಲಸದಲ್ಲಿದ್ದೇನೆ. ಎರಡು ದಿನ ತಡೆ ಎಂದೆ. ಅವನು ನಕ್ಕ. "ಕಾಕು ನೀರು ಹಾಕಿದ ಪಂಪದು, ತಂಗಿ. ಚಾಲೂ ಮಾಡಿದಿ ಅಂದ್ರ ನೀನ ಒಯ್ಯಿ."

ಬೇರೆ ಬ್ಯಾಟರಿ ಕೂರಿಸಿ, ಹೊಸ ಡೀಸೆಲ್ ಕ್ಯಾನನ್ನು ಮೇಲೆ ತೂಗುಹಾಕಿ, ಪೈಪಿನ ಗಾಳಿ ತೆಗೆದೆ. ಪಂಪಿನ ತನಕ ಡೀಸೆಲ್ ಚೆನ್ನಾಗಿ ಬಂತು. ಪಂಪಿನಿಂದಾಚೆಯ ನಳಿಗೆಗಳನ್ನು ಸಡಿಲಿಸಿ ಎಂಜಿನ್ ತಿರುಗಿಸಿದರೆ ಒಂದು ಹನಿಯೂ ಇಲ್ಲ. ಅಂದರೆ ಸಿಕ್ಕಿಕೊಂಡದ್ದು ಪಂಪಿನೊಳಗೇ. ಮುಚ್ಚಳ ಬಿಚ್ಚಿದೆ. ಒಳಗೆ ಬೆರಳು ದಪ್ಪದ ಒಂದು ಸರಳು ಇರುತ್ತದೆ. ಅದು ಮುಂದೆ ಸರಿದರೆ ಎಂಜಿನ್‌ಗೆ ಡೀಸೆಲ್, ಹಿಂದೆ ಸರಿದರೆ ಬಂದ್. ಎಂಜಿನ್ ನಿಲ್ಲಿಸಲು ನಾವು ಗುಂಡಿ ಎಳೆದಾಗ ಹಿಂದೆ ಸರಿಯುವುದು ಅದೇ. ಸರಳು ಪೂರ್ತಿ ಹಿಂದೆ ಸರಿದು, ಬಂದ್ ಆದ ಜಾಗದಲ್ಲೇ ಒಣಗಿದ ಡೀಸೆಲ್‌ನ ಜಿಗುಟಿನಲ್ಲಿ ಅಂಟಿ ನಿಂತಿತ್ತು. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿಟ್ಟು, ಭಾನುವಾರ ಬಟ್ಟೆ ಸುತ್ತಿದ ಸ್ಕ್ರೂ ಡ್ರೈವರ್ ತುದಿಯಿಂದ ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಆಡಿಸುತ್ತ ಕೂತೆ. ಮಧ್ಯಾಹ್ನ ಅದು ಸರಕ್ಕನೆ ಜಾರಿತು. ಡೀಸೆಲ್ ಒತ್ತುವ ಕಡ್ಡಿಗಳನ್ನು ಬಿಚ್ಚಿ ಒರೆಸಿದೆ. ನೀರು ಹೋಗಿದ್ದರೆ ಅವುಗಳ ಮೇಲೆ ತುಕ್ಕಿನ ಕಲೆ ಕೂರಲೇಬೇಕು. ನಾಲ್ಕೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

ಆಮೇಲೆ ಕಂಡದ್ದು ತಂತಿ. ಪಂಪಿನ ಹೊರಗೆ, ಆ ಸರಳನ್ನು ಹಿಂದೆಳೆಯುವ ಹಿಡಿಕೆಯ ಕುತ್ತಿಗೆಯಲ್ಲಿ ತಂತಿ ಬಿಗಿದ ಗೀರು. ಎದುರಿನ ಬೋಲ್ಟಿಗೆ ಸುತ್ತಿದ ಬೇಲಿ ತಂತಿಯ ತುಂಡು ಇನ್ನೂ ಅಲ್ಲೇ ಇತ್ತು, ತುದಿ ಪಕ್ಕಡದಿಂದ ಕತ್ತರಿಸಿದ್ದು. ಇಳಿಜಾರಿನಲ್ಲಿ ಬಿಟ್ಟರೂ ಚಾಲೂ ಆಗಬಾರದೆಂದು ಬಂದ್ ಮಾಡಿ ಕಟ್ಟಿದ್ದು, ಮಳೆಗಾಲವಿಡೀ. ಹಬ್ಬಕ್ಕೆ ಮುಂಚೆ ದೊಡ್ಡಪ್ಪ ತಂತಿ ಕತ್ತರಿಸಿದ. ಒಳಗಿನ ಸರಳು ಅಷ್ಟರಲ್ಲಿ ಅಂಟಿಹೋಗಿತ್ತು. ಅಂಟಿದ್ದು ಅವನಿಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಕಟ್ಟಿದ್ದು ಗೊತ್ತಿತ್ತಲ್ಲ!

ಎಲ್ಲ ಜೋಡಿಸಿ ಚಾಲೂ ಮಾಡಿದೆ. ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಹತ್ತಿತು. ಶಿವು ಬಾಯಿ ಬಿಟ್ಟುಕೊಂಡು ನಿಂತ. ದೊಡ್ಡಪ್ಪ ಕೋಲೂರಿಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದ.

"ನೀರು ತಗದಿಯೇನವಾ?"

"ನೀರು ಇರಲೇ ಇಲ್ಲ, ದೊಡ್ಡಪ್ಪಾ." ತಂತಿಯ ತುಂಡನ್ನು ಅವನ ಅಂಗೈಯಲ್ಲಿಟ್ಟೆ. "ಇದಿತ್ತು."

ಅವನು ಅದನ್ನು ತಿರುವಿ ನೋಡಿದ. "ಆಗಿನ ಕಾಲ ಹಂಗಿತ್ತವಾ" ಅಂದ.

"ಕಾಲ ತಂತಿ ಕಟ್ಟೂದಿಲ್ರಿ."

ಅವನು ತಂತಿಯನ್ನು ಎಸೆಯಲಿಲ್ಲ, ಕಿಸೆಗೆ ಹಾಕಿಕೊಂಡು ಹೋದ. ಕೀಲಿಯನ್ನು ಹಾಕಿಕೊಂಡ ಹಾಗೆಯೇ.

ಗೋಣಿಚೀಲ ಮಡಚಿ ಹಾಕಿ ಸೀಟಿನ ಮೇಲೆ ಕೂತೆ. ಎಂಜಿನ್ ಒಂದೇ ಹದಕ್ಕೆ ಬಂದು, ಬರಿದಾದ ಎರಡೂ ಮಡ್‌ಗಾರ್ಡುಗಳು ನಡುಗುತ್ತಿದ್ದವು. ಹೊತ್ತು ಮುಳುಗುತ್ತಿತ್ತು. ಇದನ್ನು ನಿಲ್ಲಿಸಬೇಕೆಂದರೆ ಆ ಬಂದ್ ಗುಂಡಿಯನ್ನೇ ಎಳೆಯಬೇಕು. ಕೈ ಅಲ್ಲಿಯ ತನಕ ಹೋಯಿತು, ಎಳೆಯಲಿಲ್ಲ. ಕ್ಯಾನಿನ ಡೀಸೆಲ್ ತೀರುವ ತನಕ ಓಡಲಿ ಎಂದು ಬಿಟ್ಟೆ. ಹಾಗೆ ಬಿಟ್ಟರೆ ಪೈಪಿಗೆ ಗಾಳಿ ಹೊಗುತ್ತದೆ, ನಾಳೆ ಅದನ್ನು ಮತ್ತೆ ಮೊದಲಿನಿಂದ ತೆಗೆಯಬೇಕು. ತೆಗೆಯುತ್ತೇನೆ.