ಮನಸ್ಸಲ್ಲಿ ಓದಿದವಳು ಫೇಲು

"ಅಕ್ಕಾ, ನೀನು ಫೇಲಾ?"

ಆರ್‌ಟಿಓ ಕಚೇರಿಯ ಮುಂದೆ ನನ್ನ ತಂಗಿ ಸವಿತಾ ಎಷ್ಟು ಗಟ್ಟಿಯಾಗಿ ಕೇಳಿದಳೆಂದರೆ, ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. (ಅವಳು ಹುಟ್ಟಿದಾಗಿನಿಂದ ಯಾವುದನ್ನೂ ಮೆಲ್ಲಗೆ ಹೇಳಿದವಳಲ್ಲ.) ಅವಳು ಪಾಸು. ಇಪ್ಪತ್ತು ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಿರುವ ನಾನು ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಡುಮ್ಕಿ.

ಐವತ್ತರ ಹತ್ತಿರ ಬಂದ ಮೇಲೆ ಇಬ್ಬರಿಗೂ ಸ್ಕೂಟರ್ ಕಲಿಯುವ ಉಮೇದು. ಸವಿತಾ ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಲೈನಿಂಗ್ ಬಟ್ಟೆ ತರಲೂ ಗಂಡನ ಬೈಕಿಗೆ ಕಾಯಬೇಕು. ಅವನಿಗೆ ಬಿಡುವಾಗುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ. ಅವಳಿಗೆ ಲೈಸೆನ್ಸ್ ಬೇಕೇ ಬೇಕಿತ್ತು. ನನಗೆ? ತಂಗಿಗಿಂತ ಹಿಂದೆ ಬೀಳಬಾರದು, ಅಷ್ಟೇ.

ಅವಳು ಓದುವುದನ್ನು ನೋಡಬೇಕಿತ್ತು. ಹೊಲಿಗೆ ಮೆಷಿನ್‌ಗೆ ಪುಸ್ತಕ ಆನಿಸಿಟ್ಟು, ಓಣಿಗೆಲ್ಲ ಕೇಳುವಂತೆ, "ಜೀಬ್ರಾ ಕ್ರಾಸಿಂಗ್‌ನಲ್ಲಿ ಪಾದಚಾರಿಗಳಿಗೆ ಮೊದಲು ದಾರಿ ಬಿಡಬೇಕು." ಅಳತೆ ಕೊಡಲು ಬಂದವರು ಕೈ ಮೇಲೆತ್ತಿ ನಿಂತು ಅದನ್ನೆಲ್ಲ ಕೇಳಬೇಕು.

"ಏನೇ ಮಾರಾಯ್ತಿ, ಒಂದನೇ ಕ್ಲಾಸಿನ ಮಕ್ಕಳ ಹಾಗೆ? ಮನಸ್ಸಲ್ಲಿ ಓದ್ಕೊಳ್ಳೇ," ಎಂದು ನಕ್ಕಿದ್ದೆ.

ನಾನು ಪಕ್ಕದೂರಿನ ವಿನೋಬನಗರದ ಮನೆಯಲ್ಲಿ ಫ್ಯಾನ್ ಕೆಳಗೆ ಕೂತು, ತುಟಿ ಬಿಚ್ಚದೆ, ಹಳದಿ ಹೈಲೈಟರ್ ಹಿಡಿದು ಓದಿದೆ. ಪುಸ್ತಕ ಅರಿಶಿನ ಶಾಸ್ತ್ರಕ್ಕೆ ಕೂತ ಹಾಗಿತ್ತು.

ಪರೀಕ್ಷೆಯಲ್ಲಿ ಪ್ರಶ್ನೆಗಳು ಒಂದೊಂದೇ ಸ್ಕ್ರೀನ್ ಮೇಲೆ ಬಂದವು. ಉತ್ತರ ಎಡಗಡೆ ಪುಟದ ಕೆಳಗಿತ್ತು, ಹಳದಿ ಬಳಿದಿದ್ದೆ, ಎಲ್ಲ ಚೆನ್ನಾಗಿ ನೆನಪಿತ್ತು. ಆ ಉತ್ತರ ಏನೆಂಬುದು ಮಾತ್ರ ಮರೆತುಹೋಗಿತ್ತು.

"ನಿಂಗೆ ಹೇಗೆ ನೆನಪಿತ್ತೇ?" ಎಂದು ಕೇಳಿದೆ.

"ಓವರ್‌ಟೇಕ್ ಪ್ರಶ್ನೆ ಬಂತಲ್ಲ, ಅದನ್ನ ಓದ್ವಾಗ ಶಾರದಕ್ಕ ಬ್ಲೌಸಿನ ತೋಳು ಬಿಗಿ ಆಯ್ತು ಅಂತ ಜಗಳಕ್ಕೆ ಬಂದಿದ್ರು. ನಾನು ನಿಲ್ಲಿಸದೆ ಅವರ ಮುಖಕ್ಕೇ ಓದಿದ್ದೆ. ಇವತ್ತು ನನ್ನ ದನೀನೇ ಕಿವೀಲಿ ಬಂತು ಕಣೆ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಫೇಲಾದದ್ದಕ್ಕಲ್ಲ. ತುಟಿ ಅಲ್ಲಾಡಿಸಿ ಓದುವ ಎಷ್ಟು ಮಕ್ಕಳಿಗೆ "ಶ್, ಮನಸ್ಸಲ್ಲಿ" ಎಂದು ಗದರಿದ್ದೇನೆ? ಕ್ಲಾಸು ಗಪ್‌ಚುಪ್ ಇದ್ದರೆ ಓದು ನಡೆಯುತ್ತಿದೆ ಎಂಬುದು ನಮ್ಮ ನಂಬಿಕೆ. ಗಟ್ಟಿಯಾಗಿ ಓದುವಾಗ ಕಣ್ಣು, ಬಾಯಿ, ಕಿವಿ ಮೂರೂ ದುಡಿಯುತ್ತವೆ. ನಾವು ಎರಡಕ್ಕೆ ರಜೆ ಕೊಟ್ಟು, ಆಮೇಲೆ ನೆನಪಿಲ್ಲ ಎಂದು ಮಕ್ಕಳನ್ನು ಬೈಯುತ್ತೇವೆ.

ಮತ್ತೆ ಪರೀಕ್ಷೆ ಕಟ್ಟಿದ್ದೇನೆ. ನಿನ್ನೆ ಸವಿತಾ ಫೋನ್ ಮಾಡಿದಳು.

"ಅಕ್ಕಾ, ಓದ್ತಿದ್ದೀಯಾ?"

"ಓದ್ತಾನೇ ಇದ್ದೀನಿ ಕಣೆ."

"ಸುಳ್ಳು ಹೇಳ್ಬೇಡ. ಭದ್ರಾವತಿಗೆ ಕೇಳಿಸ್ತಿಲ್ಲ."